ಹೆಲ್ಮೆಟ್ ಸರ್ಕಾರದ್ದು, ಕವರ್ ಆ ಹುಡುಗನದ್ದು

ವಿಯೆಟ್ನಾಂ ಯುದ್ಧದ ಫೋಟೊ ನೋಡಿದವರಿಗೆಲ್ಲ ಆ ಹೆಲ್ಮೆಟ್ ಗೊತ್ತಿರುತ್ತದೆ. ಎಲೆ ಎಲೆ ಚಿತ್ತಾರದ ಬಟ್ಟೆ ಹೊದಿಸಿದ ದುಂಡು ಟೋಪಿ. ಸುತ್ತ ಒಂದು ಎಲಾಸ್ಟಿಕ್ ಪಟ್ಟಿ. ಪಟ್ಟಿಯೊಳಗೆ ಸೊಳ್ಳೆ ಎಣ್ಣೆಯ ಸಣ್ಣ ಬಾಟ್ಲಿ, ಇಲ್ಲಾ ಒಂದು ಸಿಗರೇಟ್ ಪ್ಯಾಕು. ಬಟ್ಟೆ ಮೇಲೆ ಪೆನ್ನಲ್ಲಿ ಗೀಚಿದ್ದು ಏನೇನೋ, ಊರಿನ ಹೆಸರು, ಹುಡುಗಿ ಹೆಸರು, ತಿಂಗಳುಗಳ ಪಟ್ಟಿ. ನಾನು ಸಂಗ್ರಹಿಸುವುದು ಇವನ್ನೇ. ಅಮೆರಿಕದ ಒಹಾಯೊದಲ್ಲಿ ಕೆಲಸ, ಇಲ್ಲೇ ಮನೆ, ವಾರಾಂತ್ಯ ಬಂದರೆ ಎಸ್ಟೇಟ್ ಸೇಲ್‌ಗಳು. ಈಚೆಗೆ ನನ್ನ ಕೈಗೆ ಬಂದ ಒಂದು ಹೆಲ್ಮೆಟ್ಟಿನ ಹಿಂದೆ ಬಿದ್ದು ಅದು ಯಾರದ್ದು, ಎಷ್ಟು ನಿಜ, ಹೇಗೆ ಕಾಪಾಡಬೇಕು ಅಂತ ಒಂದೊಂದಾಗಿ ತಿಳಿದುಕೊಂಡೆ. ಅದನ್ನೇ ಬರೆಯುತ್ತಿದ್ದೇನೆ. ಈ ಹುಚ್ಚು ಇರುವ ಕನ್ನಡದವರು ಇನ್ನೂ ಒಂದಿಬ್ಬರು ಎಲ್ಲೋ ಇರಬೇಕು ಅಂತ ನನ್ನ ನಂಬಿಕೆ.

ಮೊದಲು ಹೆಲ್ಮೆಟ್ ವಿಷಯ. ಇದರ ಹೆಸರು ಎಂ1. ಅಮೆರಿಕದ ಸೈನ್ಯ 1941ರಲ್ಲಿ ಇದನ್ನು ಒಪ್ಪಿಕೊಂಡಿತು. ಎರಡನೇ ಮಹಾಯುದ್ಧದಲ್ಲೇ ಎರಡು ಕೋಟಿಗಿಂತ ಜಾಸ್ತಿ ತಯಾರಾದವು. ಹೆಚ್ಚಿನವು ಡೆಟ್ರಾಯಿಟ್‌ನ ಮೆಕಾರ್ಡ್ ಕಂಪನಿಯವು, ಉಳಿದವು ಸೇಂಟ್ ಲೂಯಿಸ್‌ನ ಶ್ಲೂಟರ್ ಕಂಪನಿಯವು. ಎಂ1 ಒಂದೇ ತುಂಡಲ್ಲ. ಹೊರಗೆ ಮ್ಯಾಂಗನೀಸ್ ಉಕ್ಕಿನ ಶೆಲ್, ಒಳಗೆ ಕೂರುವ ಹಗುರ ಲೈನರ್, ಲೈನರ್ ಒಳಗೆ ತಲೆ ಕೂರುವ ಪಟ್ಟಿಗಳು. ಎಲ್ಲ ಸೇರಿ ಹತ್ತಿರ ಹತ್ತಿರ ಒಂದೂಕಾಲು ಕಿಲೋ. ಕೊರಿಯಾಕ್ಕೂ ಇದೇ ಹೋಯಿತು, ವಿಯೆಟ್ನಾಂಗೂ ಇದೇ ಹೋಯಿತು. 1980ರ ದಶಕದಲ್ಲಿ ಕೆವ್ಲಾರ್ ಹೆಲ್ಮೆಟ್ ಬಂದ ಮೇಲೆಯೇ ಇದು ಪಕ್ಕಕ್ಕೆ ಸರಿದದ್ದು.

ಕವರ್ ಕಥೆ ಬೇರೆ. ಎರಡನೇ ಮಹಾಯುದ್ಧದಲ್ಲಿ ಕವರ್ ಹಾಕಿಕೊಂಡವರು ಮುಖ್ಯವಾಗಿ ಮರೀನ್‌ಗಳು, ಅಂದರೆ ಸಮುದ್ರದಿಂದ ದಡಕ್ಕಿಳಿದು ಹೋರಾಡುವ ಪಡೆಯವರು. ಪೆಸಿಫಿಕ್ ದ್ವೀಪಗಳ ಫೋಟೊಗಳಲ್ಲಿ ಕಾಣುವ ಕಪ್ಪೆಚರ್ಮದಂಥ ಮಚ್ಚೆ ಮಚ್ಚೆ ಬಟ್ಟೆ ಅದು, ಒಂದು ಮಗ್ಗುಲು ಹಸಿರು, ತಿರುಗಿಸಿದರೆ ಕಂದು. ಆ ಮಚ್ಚೆ ಬರೆದವರು ನಾರ್ವೆಲ್ ಗಿಲೆಸ್ಪಿ ಅಂತ, ಪತ್ರಿಕೆಗಳಲ್ಲಿ ತೋಟಗಾರಿಕೆ ವಿಭಾಗದ ಸಂಪಾದಕರಾಗಿದ್ದವರು. ಎಲೆ, ನೆರಳು, ಗಿಡದ ಬುಡ ಇವನ್ನೇ ದಿನವೂ ನೋಡುವವರಿಗೆ ಈ ಕೆಲಸ ಸಿಕ್ಕಿದ್ದು ನನಗೆ ತುಂಬಾ ಇಷ್ಟವಾದ ಸಂಗತಿ. ವಿಯೆಟ್ನಾಂ ಕಾಲದ್ದು ಇದಲ್ಲ. ಅದು 1959ರಲ್ಲಿ ಬಂದ, ಮಿಚೆಲ್ ಪ್ಯಾಟರ್ನ್ ಅನ್ನುವ ಚಿತ್ತಾರದ ಕವರ್. ಹಸಿರು ಮಗ್ಗುಲಿನಲ್ಲಿ ಎಲೆಗಳು, ನಡುವೆ ಕಡ್ಡಿಗಳು. ಕಂದು ಮಗ್ಗುಲಿನಲ್ಲಿ ಮೋಡದಂಥ ಮಚ್ಚೆಗಳು. ಎರಡು ಅರ್ಧ ಸೇರಿಸಿ ನಡುವೆ ಹೊಲಿಗೆ. ಅಲ್ಲಲ್ಲಿ ಗುಂಡಿ ಕಾಜಾದಂಥ ಸೀಳು, ಅದರೊಳಗೆ ನಿಜವಾದ ಸೊಪ್ಪು ಸಿಕ್ಕಿಸಿಕೊಳ್ಳಲಿಕ್ಕೆ.

ಇದನ್ನು ಹಾಕುವ ರೀತಿ ಗೊತ್ತಿದ್ದರೆ ಅರ್ಧ ಪರೀಕ್ಷೆ ಮುಗಿದ ಹಾಗೆ. ಬಟ್ಟೆಯನ್ನು ಉಕ್ಕಿನ ಶೆಲ್ ಮೇಲೆ ಎಳೆದು ಕೂರಿಸುತ್ತಾರೆ. ಕೆಳಗಿನ ಅಂಚುಗಳನ್ನು ಒಳಕ್ಕೆ ಮಡಚುತ್ತಾರೆ. ಅದರ ಮೇಲೆ ಲೈನರ್ ಒತ್ತುತ್ತಾರೆ. ಅಂಟಿಲ್ಲ, ದಾರವಿಲ್ಲ, ಲೈನರ್ರೇ ಹಿಡಿದುಕೊಳ್ಳುತ್ತದೆ. ಹಾಗಾಗಿ ಒಳಗೆ ಮಡಚಿದ ಅಂಚಿಗೆ ಬಿಸಿಲು ತಾಗಿರುವುದಿಲ್ಲ. ಹೊರಗಿನ ಬಟ್ಟೆ ಮಾಸಿ ಬೂದಿ ಬಣ್ಣಕ್ಕೆ ತಿರುಗಿದ್ದರೂ ಒಳಗೆ ಹಸಿರು ಹಸಿರಾಗಿಯೇ ಇರುತ್ತದೆ. ಎಲಾಸ್ಟಿಕ್ ಪಟ್ಟಿಯ ಕೆಳಗೂ ಅಷ್ಟೇ. ಪಟ್ಟಿ ಸರಿಸಿದರೆ ಒಂದು ಬೆರಳಗಲ ಬಣ್ಣ ಮಾಸದ ಗೆರೆ ಕಾಣಬೇಕು. ಕಂಡಿಲ್ಲ ಅಂದರೆ ಆ ಪಟ್ಟಿ ಮೊನ್ನೆ ಮೊನ್ನೆ ಹಾಕಿದ್ದು.

ಈ ಹೆಲ್ಮೆಟ್ ಸಿಕ್ಕಿದ್ದು ಕೊಲಂಬಸ್‌ನಿಂದ ಒಂದು ಗಂಟೆ ದೂರದ ಸಣ್ಣ ಊರಿನ ಎಸ್ಟೇಟ್ ಸೇಲ್‌ನಲ್ಲಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮನೆಯ ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಮನೆ ಬಾಗಿಲು ತೆರೆದು ಒಳಗಿರುವ ಎಲ್ಲವನ್ನೂ, ಸ್ಪೂನಿನಿಂದ ಸೋಫಾದವರೆಗೆ, ಬೆಲೆ ಚೀಟಿ ಹಚ್ಚಿ ಮಾರುತ್ತಾರೆ. ಜನ ಬೆಳಗ್ಗೆಯೇ ಬಂದು ಸಾಲು ನಿಲ್ಲುತ್ತಾರೆ. ಹೆಲ್ಮೆಟ್ ಬೇಸ್‌ಮೆಂಟಿನಲ್ಲಿ, ಉಪಕರಣಗಳ ಶೆಲ್ಫಿನ ಮೇಲೆ ಇತ್ತು. ಎಲೆ ಮಗ್ಗುಲು ಹೊರಗೆ. ಮುಂದೆ 'ಒಹಾಯೊ' ಅಂತ ದಪ್ಪ ಅಕ್ಷರ. ಎಡಕ್ಕೆ ಒಂದರ ಕೆಳಗೆ ಒಂದು ತಿಂಗಳ ಹೆಸರುಗಳು, ಮಾರ್ಚ್‌ನಿಂದ ಶುರುವಾಗಿ ಫೆಬ್ರವರಿಗೆ ಮುಗಿಯುತ್ತವೆ. ಆರ್ಮಿಯವರಿಗೆ ವಿಯೆಟ್ನಾಂನಲ್ಲಿ ಒಂದು ಸರದಿ ಅಂದರೆ 12 ತಿಂಗಳು. ಮರೀನ್‌ಗಳಿಗೆ 13. ಪ್ರತಿ ತಿಂಗಳು ಮುಗಿದ ಹಾಗೆ ಹುಡುಗರು ಒಂದೊಂದು ಹೆಸರು ಹೊಡೆದು ಹಾಕುತ್ತಿದ್ದರು. ಇದರಲ್ಲಿ ಜನವರಿವರೆಗೆ ಹೊಡೆದಿತ್ತು. ಫೆಬ್ರವರಿ ಹಾಗೇ ಇತ್ತು.

ಅದನ್ನು ನೋಡಿ ಎದೆ ಝಲ್ ಅಂದಿತು, ಸುಳ್ಳು ಹೇಳುವುದಿಲ್ಲ. ಆದರೆ ಈ ಹವ್ಯಾಸದಲ್ಲಿ ಎದೆ ಝಲ್ ಅನ್ನಿಸುವಂಥದ್ದನ್ನೇ ಜನ ತಯಾರು ಮಾಡಿ ಮಾರುವುದು. ಮಿಚೆಲ್ ಕವರ್‌ಗಳು ಅಪರೂಪವೇನಲ್ಲ, ಬಳಸದೇ ಉಳಿದ ಹೊಸ ಕವರ್‌ಗಳು ಸರ್ಪ್ಲಸ್ ಅಂಗಡಿಗಳಲ್ಲಿ, ಅಂದರೆ ಸೈನ್ಯಕ್ಕೆ ಬೇಡವಾದ ಸಾಮಾನು ಮಾರುವ ಅಂಗಡಿಗಳಲ್ಲಿ, ರಾಶಿಗಟ್ಟಲೆ ಇದ್ದವು. ಹಾಗಾಗಿ ಬಟ್ಟೆಯನ್ನು ಯಾರೂ ಕಷ್ಟಪಟ್ಟು ನಕಲು ಮಾಡಬೇಕಾಗಿಲ್ಲ. ಅಸಲಿ ಬಟ್ಟೆ ಮೇಲೆ ನಕಲಿ ಬರಹ ಬರೆದರೆ ಸಾಕು, ಬೆಲೆ ಏರುತ್ತದೆ. ಆನ್‌ಲೈನಿನಲ್ಲಿ ನೋಡಿದ ಒಂದು ಹೆಲ್ಮೆಟ್ ನೆನಪಿದೆ. ಕವರ್ ತುಂಬ ಶಾಂತಿ ಚಿಹ್ನೆ, ಇಸ್ಪೀಟಿನ ಎಕ್ಕ, ಸಿನಿಮಾ ಡೈಲಾಗಿನಂಥ ಸಾಲುಗಳು. ಬಟ್ಟೆ ಸವೆದು ನೂಲು ಎದ್ದಿತ್ತು, ಇಂಕು ಮಾತ್ರ ನಿನ್ನೆ ಬರೆದಷ್ಟು ಕಪ್ಪಗಿತ್ತು. ಸತ್ತು ಬದುಕಿ ಬಂದವರ ಹೆಸರಿನಲ್ಲಿ ಹೀಗೆ ಮಾಡುವುದನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಎರಡನೇ ಮಹಾಯುದ್ಧದ ಜರ್ಮನ್ ಕವರ್‌ಗಳ ಕಡೆಗೆ ನಾನು ಹೋಗದಿರುವುದಕ್ಕೂ ಇದು ಒಂದು ಕಾರಣ. ಅಲ್ಲಿ ಬೆಲೆ ಆಕಾಶದಲ್ಲಿದೆ, ನಕಲು ಪಾತಾಳದವರೆಗೂ ಇದೆ. ಇನ್ನೊಂದು ಕಾರಣ, ಹಿಟ್ಲರನ ನಾಜಿ ಪಡೆಯಾದ ಎಸ್‌ಎಸ್‌ನವರ ಸಾಮಾನನ್ನು ಮಕ್ಕಳು ಓಡಾಡುವ ಮನೆಯಲ್ಲಿ ತಂದಿಡಲು ನನಗೆ ಇಷ್ಟವಿಲ್ಲ. ಅಷ್ಟೇ.

ಮನೆ ಸಾಮಾನು ಮಾರುತ್ತಿದ್ದವರು ತೀರಿಕೊಂಡವರ ಮಗಳು, ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಹಣ ಕೊಡುವ ಮೊದಲು ಲೈನರ್ ತೆಗೆದು ನೋಡಬಹುದಾ ಅಂತ ಕೇಳಿದೆ. "ಅಪ್ಪ ಬಿಟ್ಟರೆ ಯಾರೂ ಅದನ್ನು ಮುಟ್ಟಿಲ್ಲ, ನಿಧಾನವಾಗಿ ತೆಗೆಯಿರಿ" ಅಂದರು. ತೆಗೆದೆ. ಒಳಗಿನ ಅಂಚಿನ ಮೇಲೆ ಕಪ್ಪು ಮುದ್ರೆ, ಡಿಎಸ್‌ಎ 100, ಆಮೇಲೆ 67. ಡಿಎಸ್‌ಎ ಅಂದರೆ ಆಗ ಸೈನ್ಯಕ್ಕೆ ಸಾಮಾನು ಖರೀದಿಸುತ್ತಿದ್ದ ಸರ್ಕಾರಿ ಸಂಸ್ಥೆ. ಆ 67 ಗುತ್ತಿಗೆಯ ಹಣಕಾಸು ವರ್ಷ. 1977ರ ನಂತರದ್ದಾದರೆ ಡಿಎಸ್‌ಎ ಬದಲು ಡಿಎಲ್‌ಎ ಅಂತ ಇರುತ್ತದೆ. ಅಲ್ಲಿಗೆ ಬಟ್ಟೆ ಸರಿಯಾದ ಕಾಲದ್ದು ಅಂತಾಯಿತು. ಬರಹದ ಬಗ್ಗೆ ಇನ್ನೂ ಏನೂ ಗೊತ್ತಾಗಿರಲಿಲ್ಲ. ಆದರೂ ಅವರು ಹೇಳಿದ ಬೆಲೆ ಕೊಟ್ಟೆ, ಚೌಕಾಸಿ ಮಾಡಲಿಲ್ಲ. ಫೋನ್ ನಂಬರ್ ಕೇಳಿದೆ. ಅವರ ಅಪ್ಪನ ಬಗ್ಗೆ ಆಮೇಲೆ ಕೇಳಬೇಕು ಅಂದೆ. ಒಂದು ನಿಮಿಷ ನನ್ನ ಮುಖ ನೋಡಿ ಚೀಟಿ ಮೇಲೆ ಬರೆದುಕೊಟ್ಟರು.

ಮನೆಗೆ ತಂದು ಭೂತಗನ್ನಡಿ ಹಿಡಿದು ಕೂತೆ. ಹತ್ತು ಪಟ್ಟು ದೊಡ್ಡದು ಮಾಡುವ ಕನ್ನಡಿ ಸಾಕು, ಚಿನ್ನದಂಗಡಿಯವರ ಹತ್ತಿರ ಇರುತ್ತಲ್ಲ, ಅಂಥದ್ದು. ನೋಡಬೇಕಾದದ್ದು ಒಂದೇ: ಮೊದಲು ಬರೆದು ಆಮೇಲೆ ಸವೆದದ್ದಾ, ಅಥವಾ ಮೊದಲು ಸವೆದು ಆಮೇಲೆ ಬರೆದದ್ದಾ? ಸವೆದ ಬಟ್ಟೆ ಮೇಲೆ ಬರೆದರೆ ಇಂಕು ಎದ್ದ ನೂಲಿನ ತುದಿಗೂ ಹತ್ತುತ್ತದೆ, ಸೀಳಿನ ಒಳಕ್ಕೂ ಇಳಿಯುತ್ತದೆ. ಬರೆದ ಮೇಲೆ ಸವೆದರೆ ಉಬ್ಬಿದ ನೂಲಿನ ನೆತ್ತಿಯಲ್ಲಿ ಇಂಕು ಹೋಗಿರುತ್ತದೆ, ನೂಲು ನೂಲಿನ ನಡುವಿನ ಸಂದಿಯಲ್ಲಿ ಮಾತ್ರ ಉಳಿದಿರುತ್ತದೆ. ನನ್ನ ಕವರಿನ 'ಒಹಾಯೊ' ಹಾಗೇ ಇತ್ತು. ತಿಂಗಳ ಪಟ್ಟಿಯ ಕೊನೆಯ ಎರಡು ಹೆಸರುಗಳು ಎಲಾಸ್ಟಿಕ್ ಪಟ್ಟಿಯ ಕೆಳಗೆ ಹೋಗಿದ್ದವು. ಪಟ್ಟಿ ಮೆಲ್ಲಗೆ ಸರಿಸಿದರೆ ಅಲ್ಲಿ ಬಟ್ಟೆಯೂ ಗಾಢ, ಇಂಕೂ ಗಾಢ, ನೀಲಿ ಬಾಲ್‌ಪೆನ್ನಿನ ಇಂಕು. ಮೇಲಿನ ಹೆಸರುಗಳಲ್ಲಿ ಅದೇ ಇಂಕು ಮಾಸಿ ಕೆನ್ನೀಲಿಯಾಗಿತ್ತು. ಬಟ್ಟೆ, ಇಂಕು ಎರಡೂ ಒಟ್ಟಿಗೆ ಬಿಸಿಲು ತಿಂದಿವೆ ಅಂತ ಗೊತ್ತಾಯಿತು. ಇದನ್ನು ನಕಲು ಮಾಡುವುದು ಬಲು ಕಷ್ಟ.

ಯುವಿ, ಅಂದರೆ ನೇರಳಾತೀತ ಬೆಳಕಿನ ಟಾರ್ಚ್ ಕೂಡ ಹಾಕಿ ನೋಡಿದೆ. ಇದರ ಬಗ್ಗೆ ಒಂದು ಮಾತು. ಕತ್ತಲಲ್ಲಿ ಟಾರ್ಚ್ ಹಾಕಿದಾಗ ಬಟ್ಟೆ ಹೊಳೆದರೆ ನಕಲಿ, ಹೊಳೆಯದಿದ್ದರೆ ಅಸಲಿ ಅಂತ ಎಷ್ಟೋ ಜನ ಕಣ್ಣು ಮುಚ್ಚಿ ಹೇಳುತ್ತಾರೆ. ಹಾಗಲ್ಲ. ಹೊಳೆಯುವುದು ಸೋಪಿನ ಪುಡಿಯಲ್ಲಿರುವ ಬಿಳುಪುಕಾರಕ. ಅದು ಯುದ್ಧಕ್ಕಿಂತ ಮೊದಲೇ ಬಳಕೆಯಲ್ಲಿತ್ತು. ಮಗ ವಾಪಸ್ ಬಂದ ಮೇಲೆ ತಾಯಿ ಒಂದು ಸಲ ವಾಷಿಂಗ್ ಮೆಷಿನ್ನಿಗೆ ಹಾಕಿದ್ದರೂ ಸಾಕು, ಹೊಳೆಯುತ್ತದೆ. ಹೊಲಿಗೆ ದಾರ ಹೊಳೆದರೆ ಮಾತ್ರ ಪಾಲಿಯೆಸ್ಟರ್ ಇರಬಹುದಾ ಅಂತ ಅನುಮಾನ ಪಡಬೇಕು. ನನ್ನದರಲ್ಲಿ ಎರಡೂ ಹೊಳೆಯಲಿಲ್ಲ. ಅಂದರೆ ಇದನ್ನು ಒಗೆದಿಲ್ಲ, ಕೊನೆಗೆ ಹಾಕಿಕೊಂಡ ದಿನದ ಧೂಳು, ಬೆವರು ಇನ್ನೂ ಅದರಲ್ಲೇ ಇದೆ.

ಆಮೇಲೆ ಸಿಕ್ಕಿದ್ದೇ ದೊಡ್ಡ ಸುಳಿವು. ಕವರನ್ನು ಶೆಲ್‌ನಿಂದ ಪೂರ್ತಿ ಬಿಡಿಸಿ ಬಿಳಿ ಬಟ್ಟೆ ಮೇಲೆ ಹರಡಿದಾಗ ಅಂಚಿನ ಹತ್ತಿರ ತುಕ್ಕಿನ ಗೆರೆ ಒಂದಲ್ಲ, ಎರಡು ಕಂಡವು. ಉಕ್ಕಿನ ರಿಮ್ ಬಟ್ಟೆಗೆ ಉಜ್ಜುವ ಕಡೆ ಕಂದು ಗೆರೆ ಬೀಳುವುದು ಸಹಜ. ಆದರೆ ಇಲ್ಲಿ ಒಂದು ಗೆರೆ ದಟ್ಟ, ಬಟ್ಟೆ ಅಲ್ಲಿ ಹರಿಯುವಷ್ಟು ತೆಳುವಾಗಿದೆ. ಇನ್ನೊಂದು ಅದಕ್ಕಿಂತ ಸ್ವಲ್ಪ ಮೇಲೆ, ತಿಳಿಯಾಗಿ. ಅಷ್ಟೇ ಅಲ್ಲ, ಕವರಿನ ನಡುವೆ ಅಡ್ಡ, ಉದ್ದ ಮಡಿಕೆಯ ಗುರುತು, ಕರ್ಚೀಫ್ ಮಡಚಿಟ್ಟ ಹಾಗೆ. ವರ್ಷಗಟ್ಟಲೆ ಮಡಚಿಡದೆ ಅಂಥ ಗುರುತು ಬೀಳುವುದಿಲ್ಲ.

ಶೆಲ್ ತಿರುಗಿಸಿ ನೋಡಿದೆ. ರಿಮ್‌ನ ಜೋಡಣೆ ಹಿಂದುಗಡೆ. 1944ರ ಕೊನೆಯವರೆಗೆ ಅದು ಮುಂದುಗಡೆ ಇರುತ್ತಿತ್ತು. ಚಿನ್‌ಸ್ಟ್ರಾಪ್, ಅಂದರೆ ಗದ್ದದ ಪಟ್ಟಿ, ಸಿಕ್ಕಿಸುವ ಬಳೆ ಅಲುಗಾಡುವ ಥರದ್ದು, ಅದು 1943ರ ಕೊನೆಯಿಂದ ಬಂದದ್ದು. ಮುಂದುಗಡೆ ಒಳಗೆ ಹೀಟ್ ಸ್ಟ್ಯಾಂಪ್, ಅಂದರೆ ಯಾವ ಕಂತಿನ ಉಕ್ಕು ಅಂತ ಗುರುತಿಸುವ ಮುದ್ರೆ, ಅಂಕಿಯ ಪಕ್ಕ ಒಂದು ಅಕ್ಷರ. ಶ್ಲೂಟರ್ ಗುರುತಾದ 'ಎಸ್' ಇಲ್ಲ. ಮಹಾಯುದ್ಧದ ಕೊನೆಗಾಲದ ಮೆಕಾರ್ಡ್ ಶೆಲ್, ಆಮೇಲೆ ಬೇರೆ ಬಣ್ಣ ಹೊಡೆದು ಮತ್ತೆ ಬಳಸಿದ್ದು. ಇಂಥವೂ ವಿಯೆಟ್ನಾಂಗೆ ಹೋಗಿವೆ, ಅದರಲ್ಲಿ ತಪ್ಪಿಲ್ಲ. ಆದರೆ ಕವರಿನ ದಟ್ಟ ಗೆರೆ ಈ ಶೆಲ್‌ನ ರಿಮ್‌ಗೆ ಕೂರುವುದಿಲ್ಲ. ತಿಳಿ ಗೆರೆ ಸರಿಯಾಗಿ ಕೂರುತ್ತದೆ.

ಮಗಳಿಗೆ ಫೋನ್ ಮಾಡಿ ಕೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಹೌದು, ಅಪ್ಪ ತಂದದ್ದು ಬರೀ ಬಟ್ಟೆ. ಹೆಲ್ಮೆಟ್ ಅಲ್ಲೇ ವಾಪಸ್ ಕೊಡಬೇಕಿತ್ತಂತೆ. ಅಂಗಿ ಜೇಬಲ್ಲಿ ಮಡಚಿಟ್ಟುಕೊಂಡು ಬಂದರಂತೆ. ನಾನು ಚಿಕ್ಕವಳಿದ್ದಾಗ ಸರ್ಪ್ಲಸ್ ಅಂಗಡಿಯಿಂದ ಒಂದು ಹೆಲ್ಮೆಟ್ ತಂದು ಅದರ ಮೇಲೆ ಹಾಕಿದರು."

ಯೋಚನೆ ಮಾಡಿದರೆ ಸರಿಯಾಗಿಯೇ ಇದೆ ಅಲ್ವಾ? ಉಕ್ಕು, ಲೈನರ್ ಸರ್ಕಾರದ ಆಸ್ತಿ, ಮನೆಗೆ ಹೊರಡುವಾಗ ಎಣಿಸಿ ತೆಗೆದುಕೊಳ್ಳುತ್ತಾರೆ. ಬಟ್ಟೆಯೂ ಸರ್ಕಾರದ್ದೇ. ಆದರೆ ಒಂದು ವರ್ಷ ಮಳೆ, ಕೆಸರು, ಬಿಸಿಲಿನಲ್ಲಿ ಹೊತ್ತು, ಅದರ ಮೇಲೆ ಊರು ಬರೆದು, ತಿಂಗಳು ಹೊಡೆದ ಮೇಲೆ ಅದು ಅವನದ್ದು. ಜೇಬಿನಲ್ಲಿ ಹಿಡಿಯುವಂಥದ್ದೂ ಅದೊಂದೇ. ಹೀಗೆ ಬರೀ ಕವರ್ ತಂದವರು ತುಂಬಾ ಜನ. ಇವತ್ತು ಮಾರುಕಟ್ಟೆಯಲ್ಲಿ 'ಮೂಲ ಜೋಡಿ' ಅಂತ ಹೆಸರು ಹಚ್ಚಿ ಮಾರುವ ಹೆಲ್ಮೆಟ್‌ಗಳಲ್ಲಿ ಎಷ್ಟೋ ಆಮೇಲೆ ಜೋಡಿಸಿದವು. ಬಟ್ಟೆ ಬಿಚ್ಚಿ ರಿಮ್ ಗೆರೆ ನೋಡದೆ ಯಾರು ಏನೇ ಹೇಳಿದರೂ ನಂಬಬೇಡಿ.

ಫೆಬ್ರವರಿ ಯಾಕೆ ಹೊಡೆದಿಲ್ಲ ಅಂತಲೂ ಕೇಳಿದೆ. ಅದು ಅವರಿಗೂ ಗೊತ್ತಿರಲಿಲ್ಲ. ಅಪ್ಪನ ಬಿಡುಗಡೆ ಪತ್ರ, ಅಂದರೆ ಡಿಡಿ-214, ಮನೆಯಲ್ಲಿ ಸಿಕ್ಕಿರಲಿಲ್ಲ. ಸೈನಿಕರ ದಾಖಲೆಗಳು ಸೇಂಟ್ ಲೂಯಿಸ್‌ನ ಕೇಂದ್ರದಲ್ಲಿವೆ. ತೀರಿಕೊಂಡವರ ಹತ್ತಿರದ ಸಂಬಂಧಿಕರು ಎಸ್‌ಎಫ್-180 ಅನ್ನುವ ಅರ್ಜಿ ತುಂಬಿ ಕೇಳಬಹುದು. ನನ್ನಂಥ ಹೊರಗಿನವನಿಗೆ ಎಲ್ಲವನ್ನೂ ಕೊಡುವುದಿಲ್ಲ, ಕೊಡಲೂಬಾರದು. ಅರ್ಜಿ ತುಂಬಲು ಸಹಾಯ ಮಾಡಿದೆ, ಕಳಿಸಿದವರು ಅವರೇ. ಆ ಕೇಂದ್ರದಲ್ಲಿ 1973ರ ಜುಲೈ 12ರಂದು ದೊಡ್ಡ ಬೆಂಕಿ ಬಿದ್ದು ಒಂದೂವರೆ ಕೋಟಿಗೂ ಹೆಚ್ಚು ಜನರ ಕಡತ ಸುಟ್ಟುಹೋಯಿತು. ಆರ್ಮಿಯಲ್ಲಿ ಪೆಟ್ಟು ಬಿದ್ದದ್ದು 1912ರಿಂದ 1960ರವರೆಗೆ ಬಿಡುಗಡೆಯಾದವರ ಕಡತಗಳಿಗೆ. ಎರಡನೇ ಮಹಾಯುದ್ಧದ ಸೈನಿಕರ ಹಿಂದೆ ಬಿದ್ದವರು ಎಷ್ಟೋ ಸಲ ಇಲ್ಲಿಗೆ ಬಂದು ನಿಂತುಬಿಡುತ್ತಾರೆ. ವಿಯೆಟ್ನಾಂ ಕಾಲದವರಿಗೆ ಆ ತೊಂದರೆ ಇಲ್ಲ.

ಕಾಗದ ಬರಲು ತಿಂಗಳುಗಳೇ ಹಿಡಿದವು. ಬಂದಾಗ ಅವರೇ ಫೋನ್ ಮಾಡಿ ಓದಿ ಹೇಳಿದರು. ಆರ್ಮಿಯ 25ನೇ ಇನ್‌ಫೆಂಟ್ರಿ ಡಿವಿಷನ್, ಆಗ ದಕ್ಷಿಣ ವಿಯೆಟ್ನಾಂನ ಕೂ ಚಿಯಲ್ಲಿ ನೆಲೆ ಇದ್ದದ್ದು. ಹೋದದ್ದು 1968ರ ಮಾರ್ಚ್. ವಾಪಸ್ ಹೊರಟದ್ದು 1969ರ ಫೆಬ್ರವರಿಯ ನಡುವಿನಲ್ಲಿ. ತಿಂಗಳು ಮುಗಿಯುವ ಮೊದಲೇ ವಿಮಾನ ಹತ್ತಿದ್ದರು. ಹೊಡೆಯುವ ಅಗತ್ಯವೇ ಬಿದ್ದಿರಲಿಲ್ಲ. ಅದನ್ನು ಹೇಳುವಾಗ ಆಕೆ ಅತ್ತರು, ನನಗೂ ಗಂಟಲು ಕಟ್ಟಿತು.

ಅಪ್ಪನ ಹಳೇ ಫೋಟೊಗಳನ್ನೂ ಆಕೆ ಹುಡುಕಿ ತೆಗೆದಿದ್ದರು. ಒಂದರಲ್ಲಿ ನಾಲ್ಕು ಹುಡುಗರು ಮರಳಿನ ಚೀಲದ ಮೇಲೆ ಕೂತಿದ್ದಾರೆ. ಎಡಗಡೆಯವನ ಹೆಲ್ಮೆಟ್ ಪಕ್ಕಕ್ಕೆ ತಿರುಗಿದೆ, ಬರಹ ಕಾಣುವುದಿಲ್ಲ. ಆದರೆ ಇಲ್ಲಿ ಒಂದು ಉಪಾಯ ಇದೆ. ಚಿತ್ತಾರದ ಬಟ್ಟೆಯನ್ನು ಕತ್ತರಿಸುವಾಗ ಎಲೆ ಎಲ್ಲಿ ಬರಬೇಕು ಅಂತ ಯಾರೂ ಲೆಕ್ಕ ಹಾಕಿರುವುದಿಲ್ಲ, ಸಿಕ್ಕ ಹಾಗೆ ಕತ್ತರಿಸಿ ಹೊಲಿದಿರುತ್ತಾರೆ. ನಡುವಿನ ಹೊಲಿಗೆಯ ಹತ್ತಿರ ಯಾವ ಎಲೆ ಅರ್ಧಕ್ಕೆ ಕಡಿದಿದೆ, ಸೀಳು ಯಾವ ಎಲೆಯ ಮೇಲೆ ಬಿದ್ದಿದೆ ಅನ್ನುವುದು ಒಂದೊಂದು ಕವರಿನಲ್ಲಿ ಒಂದೊಂದು ಥರ. ಫೋಟೊವನ್ನು ಸ್ಕ್ಯಾನ್ ಮಾಡಿ ದೊಡ್ಡದು ಮಾಡಿ ನೋಡಿದೆ. ಹೊಲಿಗೆಯ ಪಕ್ಕ ಒಂದು ದೊಡ್ಡ ಎಲೆ, ಅದರ ತೊಟ್ಟು ಹೊಲಿಗೆಯೊಳಗೆ ಮಾಯ. ಅದರ ಕೆಳಗೆ ಕಡ್ಡಿಯ ಕವಲಿನಲ್ಲಿ ಒಂದು ಸೀಳು. ನನ್ನ ಮೇಜಿನ ಮೇಲಿದ್ದ ಬಟ್ಟೆಯಲ್ಲೂ ಅದೇ ಎಲೆ, ಅದೇ ಕವಲು, ಅದೇ ಸೀಳು. ಎಷ್ಟು ಹೊತ್ತು ಎರಡನ್ನೂ ನೋಡುತ್ತಾ ಕೂತಿದ್ದೆನೋ ಗೊತ್ತಿಲ್ಲ.

ಫೆಬ್ರವರಿಯಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಶೋ ಆಫ್ ಶೋಸ್ ಅಂತ ನಡೆಯುತ್ತದೆ, ಹಳೇ ಸೈನಿಕ ಸಾಮಾನಿನ ದೊಡ್ಡ ಸಂತೆ. ಅಲ್ಲಿ ಅನುಭವಿಗಳಿಗೆ ಫೋಟೊಗಳನ್ನು ತೋರಿಸಿದೆ. ಹಿರಿಯರೊಬ್ಬರು ಒಳ್ಳೆ ಮನಸ್ಸಿನಿಂದಲೇ ಹೇಳಿದರು: ಆ ಸರ್ಪ್ಲಸ್ ಶೆಲ್ ತೆಗೆದುಬಿಡು, 66-67ರಲ್ಲಿ ತಯಾರಾದ ಶೆಲ್ ನನ್ನ ಹತ್ತಿರ ಇದೆ, ಅದಕ್ಕೆ ಹಾಕಿದರೆ ಎಲ್ಲವೂ ಒಂದೇ ಕಾಲದ್ದಾಗುತ್ತದೆ, ಬೆಲೆಯೂ ಜಾಸ್ತಿಯಾಗುತ್ತದೆ. ನಾನು ಒಪ್ಪಲಿಲ್ಲ. ಎಲ್ಲವೂ ಒಂದೇ ಕಾಲದ್ದಾಗಿ ಕಾಣುತ್ತದೆ, ನಿಜ. ಆದರೆ ಆ ಶೆಲ್ ಕೂಡ ಅವರದ್ದಲ್ಲವಲ್ಲ! ಈಗಿರುವ ಶೆಲ್ಲನ್ನು ಅವರೇ ಆರಿಸಿ ತಂದರು, ಅವರ ಕೈಯಾರೆ ಬಟ್ಟೆ ಎಳೆದು ಕೂರಿಸಿದರು. ಎರಡನೇ ತುಕ್ಕಿನ ಗೆರೆಯೂ ಅವರ ಬದುಕಿನದ್ದೇ. ಅದನ್ನು ಬಿಡಿಸಿ 'ಸರಿ' ಮಾಡುವ ಹಕ್ಕು ನನಗಿಲ್ಲ ಅಂತ ನನ್ನ ಅನಿಸಿಕೆ. ಚೆನ್ನಾಗಿ ಕಾಣಲಿ ಅಂತ ಕವರ್ ಬದಲಿಸುವುದು, ಒಗೆಯುವುದು, ಮಾಸಿದ ಅಕ್ಷರದ ಮೇಲೆ ಮತ್ತೆ ಬರೆಯುವುದು, ಇವೆಲ್ಲ ಈ ಹವ್ಯಾಸದಲ್ಲಿ ದಿನವೂ ನಡೆಯುತ್ತವೆ. ದಯವಿಟ್ಟು ಮಾಡಬೇಡಿ.

ಕಾಪಾಡುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಮೆತ್ತನೆ ಬ್ರಶ್‌ನಿಂದ ಧೂಳು ತೆಗೆದೆ, ಅದೂ ಸಡಿಲವಾಗಿದ್ದನ್ನು ಮಾತ್ರ. ಉಕ್ಕಿಗೂ ಬಟ್ಟೆಗೂ ನಡುವೆ ಆಮ್ಲರಹಿತ ಟಿಶ್ಯೂ ಕಾಗದ ಇಟ್ಟೆ. ತುಕ್ಕು ಬಾರದಿರಲಿ ಅಂತ ಶೆಲ್‌ಗೆ ಎಣ್ಣೆ ಹಚ್ಚುವವರಿದ್ದಾರೆ, ಆ ಎಣ್ಣೆ ಬಟ್ಟೆಗಿಳಿದರೆ ಕಲೆ ಹೋಗುವುದೇ ಇಲ್ಲ. ಎಲಾಸ್ಟಿಕ್ ಪಟ್ಟಿಯ ರಬ್ಬರು ಪುಡಿಯಾಗಲು ಶುರುವಾಗಿದೆ, ಅದನ್ನು ಎಳೆಯದೆ ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಬೇಸ್‌ಮೆಂಟಿನಲ್ಲಿ ತೇವ ಜಾಸ್ತಿ, ಹತ್ತಿ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಮೇಲಿನ ಕೋಣೆಯ ಮುಚ್ಚಿದ ಬೀರುವೇ ಗತಿ. ಬೆಳಕೂ ಶತ್ರುವೇ. ಮ್ಯೂಸಿಯಂಗಳಲ್ಲಿ ಹಳೇ ಬಟ್ಟೆಗೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೀಳಲು ಬಿಡುವುದಿಲ್ಲ, ಅಂದರೆ ನಸುಗತ್ತಲೆ. ಕಿಟಕಿ ಪಕ್ಕದ ಶೋಕೇಸಿನಲ್ಲಿ ಇಟ್ಟರೆ ಆ ಕೆನ್ನೀಲಿ ಅಕ್ಷರಗಳು ಕೆಲವೇ ವರ್ಷಗಳಲ್ಲಿ ಮಾಯವಾಗುತ್ತವೆ.

ಹಾಸನದಲ್ಲಿರುವ ಅಮ್ಮನಿಗೆ ಹೆಂಡತಿಯಿಂದ ಸುದ್ದಿ ಹೋಗಿತ್ತು. "ಯಾರೋ ಸತ್ತೋರ ಮನೆ ಸಾಮಾನು ತಂದಿಟ್ಕೊಂಡಿದೀಯಂತಲ್ಲೋ, ಅದೂ ಯುದ್ಧದ್ದು" ಅಂದರು. "ಅವ್ರು ಯುದ್ಧದಲ್ಲಿ ಸತ್ತಿಲ್ಲ ಕಣಮ್ಮ. ವಾಪಸ್ ಬಂದು ಐವತ್ತು ವರ್ಷದ ಮೇಲೆ ಬಾಳಿದ್ರು, ಮೊಮ್ಮಕ್ಕಳನ್ನೂ ಎತ್ತಿ ಆಡಿಸಿದ್ರು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇರ್ಲಿ ಬಿಡು. ಆ ತಾಯಿ ಎಷ್ಟು ದಿನ ಎಣಿಸಿದ್ಲೋ" ಅಂದರು.

ಬಿಡುಗಡೆ ಪತ್ರದ ಪ್ರತಿ, ಆ ಫೋಟೊದ ಪ್ರತಿ, ಮಗಳು ನೆನಪು ಮಾಡಿಕೊಂಡು ಬರೆದುಕೊಟ್ಟ ಎರಡು ಪುಟ, ಇವು ಈಗ ಹೆಲ್ಮೆಟ್ ಜೊತೆಗೇ ಇವೆ. ಶೆಲ್ ಸರ್ಪ್ಲಸ್ ಅಂಗಡಿಯದ್ದು ಅಂತಲೂ ಅದರಲ್ಲಿ ಸ್ಪಷ್ಟವಾಗಿ ಬರೆಸಿದ್ದೇನೆ, ನಾಳೆ ಇನ್ನೊಬ್ಬರ ಕೈಗೆ ಹೋದಾಗ 'ಮೂಲ ಜೋಡಿ' ಅಂತ ಯಾರೂ ಮಾರಬಾರದು. ಆ ಇನ್ನೊಬ್ಬರು ಯಾರು ಅನ್ನುವುದೂ ಗೊತ್ತಾಗಿದೆ: ಆ ಸೈನಿಕರ ಮೊಮ್ಮಗನಿಗೆ ಈಗ ಹದಿಮೂರು ವರ್ಷ. ದೊಡ್ಡವನಾದ ಮೇಲೆ ಬೇಕು ಅಂದರೆ ನಾನು ಕೊಟ್ಟ ಬೆಲೆಗೇ ಅವನಿಗೆ ಕೊಡುತ್ತೇನೆ ಅಂತ ಬರೆದು ಸಹಿ ಮಾಡಿ ಅವನ ತಾಯಿಗೆ ಕೊಟ್ಟಿದ್ದೇನೆ.